ಒಂದು ಗಂಟೆಯ ಹಾಲು

ನಮ್ಮ ದೊಡ್ಡಮ್ಮನ ಮಗ ಆ ರಾತ್ರಿ ಕುದುರೆ ಫಾರ್ಮಿನಿಂದ ಮನೆಗೆ ಹೊರಟಾಗ ಹನ್ನೊಂದೂಕಾಲು. ಹನ್ನೊಂದಕ್ಕೆ ಕೊನೆಯ ಸುತ್ತು ಹಾಕಿ, ಲಾಯದ ದೀಪ ಆರಿಸಿ, ಗೇಟಿನ ಬೀಗ ಎರಡು ಸಲ ಎಳೆದು ನೋಡಿ ಹೊರಡುವುದು ಅವನ ಅಭ್ಯಾಸ. ಅವನನ್ನು ನಾನು ಅಣ್ಣ ಅಂತಲೇ ಕರೆಯುವುದು. ಕುಡಿಯುವವನಲ್ಲ. ಬೀಡಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಡುವೆ ಬಾಯಿ ಹಾಕಬಾರದು.

ಫಾರ್ಮಿನಿಂದ ಮನೆಗೆ ಒಂದೂವರೆ ಮೈಲಿ. ಅರ್ಧ ದಾರಿಯಲ್ಲಿ ಒಂದು ಹಳೇ ಬಾವಿ. ರಾಟೆ ಇದೆ, ಹಗ್ಗ ಇಲ್ಲ. ಬಾವಿಯ ತನಕ ಮಣ್ಣು ದಾರಿ, ಆಮೇಲೆ ಟಾರು. ಅಣ್ಣ ಬಾವಿ ದಾಟಿದ. ಟಾರಿನ ಮೇಲೆ ಕಾಲಿಟ್ಟು ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ...

ತೊಪ್. ತೊಪ್. ತೊಪ್... ತೊಪ್.

ಮೂರು ಹೆಜ್ಜೆ ಸರಿಯಾಗಿ. ನಾಲ್ಕನೆಯದು ಸ್ವಲ್ಪ ತಡವಾಗಿ.

ಲಾಳ ಹೊಡೆದ ಕಾಲು ಟಾರಿನ ಮೇಲೆ ಟಕ್ ಅನ್ನುತ್ತದೆ. ಇದು ಹಾಗಲ್ಲ. ಲಾಳವನ್ನೇ ಕಾಣದ ಗೊರಸು, ಅದೂ ಹುಟ್ಟಿ ವಾರ ಆಗದ ಎಳೆಯದು. ಮೂವತ್ತು ವರ್ಷ ಕುದುರೆಗಳ ನಡುವೆ ಬದುಕಿದವನಿಗೆ ಇದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಆದರೆ ಆ ವರ್ಷ ಫಾರ್ಮಿನಲ್ಲಿ ಇನ್ನೂ ಒಂದು ಮರಿಯೂ ಹುಟ್ಟಿರಲಿಲ್ಲ.

ಅಣ್ಣ ನಿಂತ. ಅದೂ ನಿಂತಿತು. ಟಾರ್ಚ್ ಹಾಕಿ ನೋಡಿದ. ರಸ್ತೆ, ಬಾವಿಯ ಕಟ್ಟೆ, ರಾಟೆ. ಮತ್ತೇನಿಲ್ಲ. ಟಾರ್ಚ್ ಆರಿಸಿ ನಡೆದ. ತೊಪ್. ತೊಪ್. ಈ ಸಲ ಹತ್ತಿರ... ಮೈಗೆ ತಾಗುವಷ್ಟು ಹತ್ತಿರ. ಅವನ ಎಡಗೈ ಪಕ್ಕದಲ್ಲಿ ಸುಮ್ಮನೆ ಜೋತು ಬಿದ್ದಿತ್ತು. ಆ ಕೈಯ ಎರಡು ಬೆರಳು ಯಾವುದೋ ಬಾಯೊಳಗೆ ಹೋದವು.

ಬೆಚ್ಚಗಿತ್ತು. ಹಲ್ಲಿರಲಿಲ್ಲ. ನಾಲಗೆ ದೊನ್ನೆಯ ಹಾಗೆ ಮಡಿಚಿಕೊಂಡು ಬೆರಳ ಕೆಳಗೆ ಹಿಡಿಯಿತು. ಚಪ್... ಚಪ್... ಚಪ್.

ಬಾಟಲಿ ಗೊತ್ತಿಲ್ಲದ ಮರಿಗೆ ಮೊದಲು ಬೆರಳು ಕೊಟ್ಟೇ ಚೀಪುವುದು ಕಲಿಸುತ್ತಾರೆ. ಅಣ್ಣ ಎಷ್ಟೋ ಮರಿಗಳಿಗೆ ಕಲಿಸಿದ್ದಾನೆ. ಅವನು ಕೈ ಕಿತ್ತುಕೊಳ್ಳಲಿಲ್ಲ. ಹಾಗೇ ನಡೆದ. ಊರಿನ ಮೊದಲ ಬೀದಿದೀಪದ ತನಕ ಅದು ಚೀಪುತ್ತಲೇ ಬಂತು.

ನಾನು ಬೇಕರಿಯಲ್ಲಿ ರಾತ್ರಿ ಪಾಳಿಯವನು. ನನಗೆ ರಾತ್ರಿಯೇ ಹಗಲು, ದೆವ್ವಕ್ಕೆ ಹೆದರುತ್ತಾ ಕೂತರೆ ಊರಿಗೆ ಬ್ರೆಡ್ ಸಿಗುವುದಿಲ್ಲ. ಹಿಟ್ಟು ನಾದುತ್ತಿದ್ದೆ, ಹಿಂದಿನ ಬಾಗಿಲು ಮೂರು ಸಲ ಬಡಿದ ಸದ್ದಾಯಿತು. ತೆಗೆದರೆ ಅಣ್ಣ. ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದ.

"ಏನಣ್ಣಾ, ಇಷ್ಟೊತ್ತಲ್ಲಿ?"

"ಕೈಗೆ ನೀರು ಹಾಕು."

ಹಾಕಿದೆ. ತೊಳೆದ. ಮತ್ತೆ ಹಾಕು ಅಂದ. ಮೂರು ಸಲ ತೊಳೆದ. ಒಲೆಯ ಬೆಳಕಿನಲ್ಲಿ ನೋಡಿದೆ, ಎರಡು ಬೆರಳು ಮಾತ್ರ ಗಂಟೆಗಟ್ಟಲೆ ನೀರಲ್ಲಿ ನೆನೆದ ಹಾಗೆ ಬಿಳುಚಿಕೊಂಡು ಸುಕ್ಕಾಗಿದ್ದವು. ಮಿಕ್ಕ ಮೂರು ಬೆರಳು ಸರಿಯಾಗೇ ಇದ್ದವು.

"ಬಂದಿದೆ ಕಣೋ," ಅಂದ.

"ಯಾರು?"

"ಗಾಡಿ ಮಾವನ ಮರಿ."

ನಗಬೇಕೆಂದು ಬಾಯಿ ತೆಗೆದವನು ಹಾಗೇ ಮುಚ್ಚಿಕೊಂಡೆ. ನಮ್ಮೂರ ಗಾಡಿ ಮಾವನ ಕುದುರೆಯ ಮರಿ ಸತ್ತು ಎಂಟು ವರ್ಷವಾಗಿತ್ತು. ಅಣ್ಣ ಮೈದಾ ಮೂಟೆಯ ಮೇಲೆ ಕುಕ್ಕರಿಸಿ, ಹೆಂಡತಿಗೂ ಹೇಳದ್ದನ್ನು ಹೇಳಿದ. ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಬೇಕಾಯಿತು. ಆ ದಿನದ ಬ್ರೆಡ್ ಉಬ್ಬಲಿಲ್ಲ, ಬೈಗುಳ ತಿಂದೆ, ಅದು ಬೇರೆ ಮಾತು.

ಬೂದಿಯ ವಿಷಯ ಹೇಳದೆ ಇದು ನಿಮಗೆ ಅರ್ಥವಾಗಲ್ಲ. ಬೂದಿ ಅಂದರೆ ರೇಸಿನ ಕುದುರೆ. ಮೈಬಣ್ಣ ಬೂದಿಯದು, ಅದಕ್ಕೆ ಲಾಯದಲ್ಲಿ ಆ ಹೆಸರು. ಹದಿನಾಲ್ಕು ರೇಸು ಓಡಿ ಒಂಬತ್ತು ಗೆದ್ದವಳು. ಹೊರಡುವಾಗ ಎಲ್ಲರಿಗಿಂತ ಹಿಂದೆ, ಕೊನೆಯ ತಿರುವಿನ ತನಕ ಹಿಂದೆ, ಆಮೇಲೆ ಹೊರಬದಿಯಿಂದ ಸುತ್ತಿಕೊಂಡು ಒಬ್ಬೊಬ್ಬರನ್ನೇ ದಾಟಿ ಬರುತ್ತಿದ್ದಳು. ನೋಡುವವರ ಜೀವ ಬಾಯಿಗೆ ಬರುತ್ತಿತ್ತು. ನಾಲ್ಕು ವರ್ಷ ಅವಳ ಮೈ ಉಜ್ಜಿದ್ದು, ಕಾಲಿಗೆ ಪಟ್ಟಿ ಕಟ್ಟಿದ್ದು, ಅವಳ ಬಾಗಿಲ ಮುಂದೆ ಚಾಪೆ ಹಾಸಿ ಮಲಗಿದ್ದು ನಮ್ಮ ಅಣ್ಣ. ನಮ್ಮ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವನಿಗೆ ಬೂದಿಯ ಏಳು ತಲೆಮಾರು ಬಾಯಿಪಾಠ. ಅವಳ ಅಜ್ಜಿ ಯಾವ ರೇಸು ಗೆದ್ದಳು, ಅಜ್ಜನ ಮೊಣಕಾಲು ಯಾವಾಗ ಹೋಯಿತು, ಎಲ್ಲ. ಅತ್ತಿಗೆಗೆ ಒಳಗೊಳಗೇ ಉರಿ. "ಆ ಮನೆತನಕ್ಕೇ ಅಳಿಯ ಆಗಬೇಕಿತ್ತು ಇವರು," ಅನ್ನುತ್ತಿದ್ದಳು.

ಓಟ ಮುಗಿದ ಮೇಲೆ ಬೂದಿಯನ್ನು ಮರಿ ಮಾಡಿಸಲು ಈ ಫಾರ್ಮಿಗೆ ಕಳಿಸಿದರು. ಅಣ್ಣನೂ ಹಿಂದೆಯೇ ಬಂದ. ಎರಡು ವರ್ಷ ಗಬ್ಬ ನಿಲ್ಲಲಿಲ್ಲ. ಮೂರನೇ ವರ್ಷ ನಿಂತಿತು. ಹನ್ನೊಂದು ತಿಂಗಳು ಹೊತ್ತು ಒಂದು ಚಳಿ ರಾತ್ರಿ ಹೆಣ್ಣು ಮರಿ ಹಾಕಿದಳು. ಹಾಕಿದ ಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರ್ ಮೊಳಕೈ ತನಕ ಕೆಂಪಾಗಿ ಕೂತುಬಿಟ್ಟರು. ಅಣ್ಣ ಕೈಯಿಂದ ಕರೆದು ಅವಳ ಗಿಣ್ಣು ಹಾಲನ್ನು ಮರಿಯ ಗಂಟಲಿಗೆ ಇಳಿಸಿದ, ಅಷ್ಟೇ. ಬೆಳಗಾಗುವಷ್ಟರಲ್ಲಿ ಬೂದಿ ಅವನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟಳು.

ತಾಯಿ ಸತ್ತ ಮರಿಗೆ ಸಾಕುತಾಯಿ ತರುವುದು ಕುದುರೆ ಫಾರ್ಮುಗಳಲ್ಲಿ ಮೊದಲಿಂದ ಇದ್ದ ಪದ್ಧತಿ. ಎಲ್ಲೋ ಗಾಡಿ ಎಳೆಯುವ, ಈಗಷ್ಟೇ ಮರಿ ಹಾಕಿದ ಕುದುರೆಯೊಂದನ್ನು ಕರೆತರುತ್ತಾರೆ. ಅದರ ಸ್ವಂತ ಮರಿಯನ್ನು ದೂರ ಇಟ್ಟು ಈ ಮರಿಯನ್ನು ಬಿಡುತ್ತಾರೆ. ಆ ಇನ್ನೊಂದು ಮರಿಯ ಗತಿ ಏನು ಅಂತ ಯಾರೂ ಜೋರಾಗಿ ಕೇಳುವುದಿಲ್ಲ.

ಗಾಡಿ ಮಾವ ನಮ್ಮ ಬೇಕರಿಗೆ ಮೈದಾ ಮೂಟೆ ತರುತ್ತಿದ್ದವರು. ಅವರ ಕುದುರೆ ಕರಿ. ಮೂರು ದಿನದ ಹಿಂದೆ ಗಂಡು ಮರಿ ಹಾಕಿತ್ತು, ತಾಯಿಯಂತೆ ಕಪ್ಪು, ಒಂದು ಕಾಲು ಮಾತ್ರ ಬಿಳಿ, ಆ ಕಾಲನ್ನು ಸ್ವಲ್ಪ ತಡವಾಗಿ ಊರುತ್ತಿತ್ತು. ಅಣ್ಣ ಹೋಗಿ ಕೇಳಿದ. ಮಾವ ಎರಡನೇ ಮಾತಾಡದೆ ಕರಿಯನ್ನೂ ಮರಿಯನ್ನೂ ತಾವೇ ಹೊಡೆದುಕೊಂಡು ಬಂದರು.

"ತಾಯಿ ಇಲ್ಲದ್ದು ಪಾಪ, ಕುಡೀಲಿ," ಅಂದರು. "ಆದ್ರೆ ನಂದೂ ಬದುಕ್ಬೇಕಪ್ಪ. ಕರಿ ಆದ್ಮೇಲೆ ಗಾಡಿ ಎಳೆಯೋದು ಅದೇ."

"ನನ್ನ ಜವಾಬ್ದಾರಿ ಮಾವ."

ಮರಿಯನ್ನು ಹುಲ್ಲಿನ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಕಟ್ಟಿದರು. ಅದರ ಕೂಗು ಕರಿಗೆ ಕೇಳಿಸಬಾರದಲ್ಲ. ಎರಡು ಗಂಟೆಗೊಮ್ಮೆ ಬಾಟಲಿ ಹಾಲು. ಬಾಗಿಲಿಗೆ ಒಂದು ಸ್ಲೇಟು, ಅದರ ಮೇಲೆ ಗಂಟೆಗಳು, ಕುಡಿಸಿದ ಮೇಲೆ ಎದುರಿಗೆ ಒಂದು ಬಳಪದ ಗೆರೆ. ಹಾಲು ಬದಲಾಗಿ ಮರಿಗೆ ಭೇದಿ ಹತ್ತಿತು. ಡಾಕ್ಟರ್ ಹೇಳಿದರು, "ಒಂದು ಸಲಾನೂ ತಪ್ಪಿಸ್ಬೇಡ. ಚಳಿ ಬೇರೆ."

ಇತ್ತ ಕರಿ ಬೂದಿಯ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಮೂಸಿ ನೋಡುವುದು, ಒದೆಯುವುದು. ಮರಿಗೆ ಬಾಟಲಿ ಇಟ್ಟರೆ ಹಾಲು ಮೂಗಿನಿಂದ ಬರುತ್ತಿತ್ತು. ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು. ಮರಿಯ ಕಿವಿ ತಣ್ಣಗಾಗತೊಡಗಿತು. ಲಾಯದಲ್ಲಿ ಒಬ್ಬ ಮುದುಕನಿದ್ದ, ಎಲ್ಲರೂ ಅವನನ್ನು ಹಳಬ ಅನ್ನುತ್ತಿದ್ದರು. ಅವನು ರಾತ್ರಿ ಮಲಗಲು ಹೋಗುವಾಗ ಒಂದು ಮಾತು ಹೇಳಿ ಹೋದ.

"ಅದರ ಮರೀದೇ ಚರ್ಮ ಹೊದ್ದಿಸಿದ್ರೆ ಕರಿ ಒಪ್ಕೋತಾಳೆ. ವಾಸನೆ ಹಿಡೀತಾಳೆ ನೋಡು. ಆದ್ರೆ ಅದರ ಮರಿ ಇನ್ನೂ ಇದೆಯಲ್ಲ."

ಅಷ್ಟೇ. ಯಾರೂ ಅಣ್ಣನಿಗೆ ಏನೂ ಮಾಡು ಅನ್ನಲಿಲ್ಲ. ಇದನ್ನು ಅಣ್ಣನೇ ಒತ್ತಿ ಒತ್ತಿ ಹೇಳಿದ. "ಯಾರ ತಲೆಗೂ ಕಟ್ಟೋಕಾಗಲ್ಲ ಕಣೋ."

ಹನ್ನೊಂದಕ್ಕೆ ಕರಿಯ ಮರಿಗೆ ಹಾಲು ಕುಡಿಸಿದ. ಚೆನ್ನಾಗಿ ಕುಡಿಯಿತು. ಒಂದು ಗಂಟೆಗೆ ಹಾಲು ಬಿಸಿ ಮಾಡಿ, ಕೈಮೇಲೆ ಹನಿ ಬಿಟ್ಟು ನೋಡಿ, ಶೆಡ್ಡಿನ ಬಾಗಿಲ ತನಕ ಹೋದ. ಅವನ ಹೆಜ್ಜೆ ಗುರುತು ಹಿಡಿದು ಒಳಗಿಂದ ಮರಿ ಕೂಗಿತು. ಹೀಂ... ಹೀಂ... ತೆಳ್ಳಗೆ. ಅಣ್ಣ ಚಿಲಕದ ಮೇಲೆ ಕೈಯಿಟ್ಟು ನಿಂತ. ಆ ಕಡೆ ಲಾಯದಲ್ಲಿ ಬೂದಿಯ ಮರಿ ಸಾಯುತ್ತಾ ಇದೆ. ಬೂದಿಯದು ಅಂತ ಭೂಮಿ ಮೇಲೆ ಉಳಿದಿರುವುದು ಅದೊಂದೇ. ನಿಂತ... ನಿಂತ. ಆಮೇಲೆ ತಿರುಗಿ ನಡೆದ. ಹಾಲನ್ನು ಚರಂಡಿಗೆ ಸುರಿದ.

ಮೂರು ಗಂಟೆಗೂ ಹೋಗಲಿಲ್ಲ.

ಬೆಳಗಿನ ಜಾವ ಹೋದವನು ಮೊದಲು ಸ್ಲೇಟಿನ ಮೇಲೆ ಒಂದರ ಎದುರು ಒಂದು ಗೆರೆ, ಮೂರರ ಎದುರು ಒಂದು ಗೆರೆ ಎಳೆದ. ಆಮೇಲೆ ಬಾಗಿಲು ತಳ್ಳಿದ. ಬಾಗಿಲು ಪೂರ್ತಿ ತೆರೆಯಲಿಲ್ಲ. ಮರಿ ಬಾಗಿಲಿಗೇ ಒರಗಿ ಬಿದ್ದಿತ್ತು, ಮೂಗು ಕೆಳಗಿನ ಸಂದಿಯಲ್ಲಿತ್ತು.

ಹಳಬ ಏನೂ ಕೇಳದೆ ಚರ್ಮ ಸುಲಿದ. ನಾಲ್ಕು ಕಾಲಿಗೆ ನಾಲ್ಕು ತೂತು, ಹೊಟ್ಟೆಯ ಕೆಳಗೆ ಹುರಿ ಕಟ್ಟಿ, ಬೂದಿಯ ಮರಿಗೆ ಅಂಗಿ ತೊಡಿಸಿದ ಹಾಗೆ ತೊಡಿಸಿದರು. ಕರಿ ಬಾಲದ ಕಡೆಯಿಂದ ಮೂಸಿತು. ಎರಡು ಸಲ ಮೂಸಿತು. ಆಮೇಲೆ ಗಂಟಲೊಳಗೇ... ಹ್ಹು ಹ್ಹು ಹ್ಹು... ತಾಯಿ ಕುದುರೆ ಮರಿಗೆ ಮಾತ್ರ ಮಾಡುವ ಸದ್ದು ಅದು. ಒಂದು ಹಿಂಗಾಲನ್ನು ಹಿಂದೆ ಸರಿಸಿ ಕೆಚ್ಚಲು ಬಿಟ್ಟುಕೊಟ್ಟಿತು. ಎಲ್ಲರೂ ಅಣ್ಣನ ಬೆನ್ನು ತಟ್ಟಿದರು. ನಾಲ್ಕು ದಿನದ ಮೇಲೆ ಚರ್ಮ ತೆಗೆದು ಹೂತರು, ಮರಿಗೆ ಮಾತ್ರ ಅಂಗಿ ಅಂತಲೇ ಹೆಸರು ನಿಂತಿತು.

ಸುದ್ದಿ ಕೇಳಿ ಗಾಡಿ ಮಾವ ಬಂದರು. ಅಣ್ಣ ಅಳುತ್ತಿದ್ದ. ಮಾವ ಸ್ಲೇಟಿನ ಮೇಲೆ ಬೆರಳಾಡಿಸಿದರು. ಓದು ಬರುತ್ತಿರಲಿಲ್ಲ, ಗೆರೆ ಎಣಿಸಲು ಬರುತ್ತಿತ್ತು.

"ಮೂರು ಗಂಟೆಗೂ ಎದ್ದಿದೀಯಲ್ಲಪ್ಪ," ಅಂದರು. "ಅಳಬೇಡ. ನಿನ್ನ ತಪ್ಪೇನಿಲ್ಲ."

ಆವತ್ತಿನಿಂದ ಅಣ್ಣನನ್ನು ಮಗನ ಹಾಗೆ ನೋಡಿಕೊಂಡರು. ಅವರ ಮನೆಯಲ್ಲಿ ಏನು ವಿಶೇಷ ಮಾಡಿದರೂ ಇವನಿಗೊಂದು ಪಾಲು. ಇವನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂಗಿಗೆ ರೇಸ್ ಪುಸ್ತಕದಲ್ಲಿ ಮಾರುದ್ದದ ಹೆಸರಿತ್ತು, ಯಾರಿಗೂ ನೆನಪಿಲ್ಲ. ಎರಡು ವರ್ಷಕ್ಕೆ ಓಡಲು ಶುರು, ಐದು ತುಂಬುವಷ್ಟರಲ್ಲಿ ಹನ್ನೆರಡು ರೇಸು, ಎಂಟು ಗೆಲುವು. ತಾಯಿಯ ಹಾಗಲ್ಲ, ಇವಳು ಹೊರಟಾಗಲೇ ಮುಂದೆ. ಅವಳ ವಂಶ ಬರೆದಿಡುವ ಪುಸ್ತಕದಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಎಲ್ಲ ಇದೆ. ಕರಿಯ ಹೆಸರಿಗೆ ಒಂದು ಸಾಲೂ ಇಲ್ಲ.

ಒಂದೇ ಒಂದು ಕೆಟ್ಟ ಅಭ್ಯಾಸ ಅಂಗಿಗೆ. ರೇಸಿನ ಹಾದಿಯ ಒಳಬೇಲಿಗೆ ಒತ್ತಿ ಓಡುತ್ತಿರಲಿಲ್ಲ. ಬೇಲಿಗೂ ಅವಳಿಗೂ ನಡುವೆ ಸ್ವಲ್ಪ ಜಾಗ ಬಿಟ್ಟೇ ಓಡುವುದು. ಟ್ರೇನರ್ ಕಣ್ಣುಪಟ್ಟಿ ಕಟ್ಟಿಸಿ ನೋಡಿದ, ಜಾಕಿಗಳನ್ನು ಬದಲಾಯಿಸಿ ನೋಡಿದ. ಬಿಡುವ ಜಾಗ ಬಿಡುವುದೇ. ಒಂದು ಸಲ ಗೆದ್ದು ಬಂದ ಜಾಕಿ ಇಳಿದವನೇ, ರೇಸು ನೋಡಲು ಹೋಗಿದ್ದ ಅಣ್ಣನನ್ನು ಪಕ್ಕಕ್ಕೆ ಎಳೆದ.

"ಅಣ್ಣಾ, ಬೇಲಿ ಕಡೆ ನನ್ನ ಪಕ್ಕ ಯಾವ ಕುದುರೆ ಇತ್ತು?"

"ಯಾವುದೂ ಇರ್ಲಿಲ್ವಲ್ಲ."

"ಉಸಿರು ಕೇಳಿಸ್ತು."

"ಅಂಗೀದೇ ಇರ್ಬೇಕು."

"ಅಲ್ಲ. ಸಣ್ಣ ಉಸಿರು. ಕೆಳಗೆ... ನನ್ನ ಕಾಲಿನ ಹತ್ತಿರ."

ಅಣ್ಣ ನಕ್ಕು ಕಳಿಸಿದ. ಆ ರಾತ್ರಿ ಊಟ ಮಾಡಲಿಲ್ಲ.

ಇತ್ತ ಕರಿಗೆ ವಯಸ್ಸಾಯಿತು. ಗಾಡಿ ಎಳೆಯಲು ಮರಿ ಇರಲಿಲ್ಲ. ಹೊಸ ಕುದುರೆ ಕೊಳ್ಳುವ ಶಕ್ತಿ ಮಾವನಿಗಿರಲಿಲ್ಲ. ಅವರೇ ಕೈಗಾಡಿ ತಳ್ಳಿಕೊಂಡು ಬೇಕರಿಗೆ ಮೈದಾ ತರತೊಡಗಿದರು. ಮೂಟೆ ಇಳಿಸಿ, ನಮ್ಮ ಮೆಟ್ಟಿಲ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಾ ಸಿಕ್ಕವರಿಗೆಲ್ಲ ಹೇಳುವರು, "ಮೊನ್ನೆ ಗೆದ್ಲಲ್ಲ ಅಂಗಿ, ನಮ್ಮ ಕರೀ ಹಾಲು ಕುಡಿದವಳು." ಎಂಥಾ ಹೆಮ್ಮೆ ಅಂತೀರಿ. ಆಗ ನನಗೂ ಅದು ಹೆಮ್ಮೆಯ ಮಾತೇ ಅನಿಸಿತ್ತು.

ಓಟ ಮುಗಿಸಿ ಫಾರ್ಮಿಗೆ ಮರಳಿದ್ದ ಅಂಗಿ ಆ ರಾತ್ರಿಯ ಹೊತ್ತಿಗೆ ತುಂಬಿದ ಗಬ್ಬ. ಮೊದಲ ಮರಿ. ಇನ್ನು ವಾರವಿರಬಹುದು. ಅಣ್ಣ ಆ ರಾತ್ರಿ ಬೇಕರಿಗೆ ಓಡಿ ಬಂದದ್ದು ಬರೀ ಹೆದರಿಕೆಯಿಂದಲ್ಲ. ಮೂರು ದಿನದಿಂದ ಅಂಗಿಯ ಕೆಚ್ಚಲು ಸಂಜೆ ತುಂಬಿರುತ್ತದೆ, ಬೆಳಗ್ಗೆ ಖಾಲಿ. ಹುಲ್ಲಿನ ಮೇಲೆ ಒಂದು ಹನಿ ಇಲ್ಲ. ಡಾಕ್ಟರ್ ತಲೆ ಕೊಡವಿದ್ದರು.

"ಗಿಣ್ಣು ಹಾಲು ಹೀಗೆ ಮೊದಲೇ ಹೋದ್ರೆ ಹುಟ್ಟೋ ಮರಿಗೆ ಏನುಳಿಯುತ್ತೆ? ಅದಿಲ್ದೆ ಮರಿ ನಾಲ್ಕು ದಿನ ಬದುಕಲ್ಲ. ಎರವಲು ತರೋಣ ಅಂದ್ರೆ ಇಲ್ಲಿ ಬೇರೆ ಯಾವ ಕುದುರೇನೂ ಹೆತ್ತಿಲ್ಲ. ಇವತ್ತು ನಾಳೆ ನಿಂತ್ರೆ ಸರಿ, ಇಲ್ಲಾಂದ್ರೆ ನನ್ನ ಕೈಲಿಲ್ಲ."

"ಅದಕ್ಕೆ ಸಿಟ್ಟಿಲ್ಲ ಕಣೋ," ಅಂದ ಅಣ್ಣ, ಮೂಟೆಯ ಮೇಲೆ ಕೂತವನು. "ಕಚ್ಚಿದ್ರೆ, ಒದ್ದಿದ್ರೆ ತಡ್ಕೋತಿದ್ದೆ. ನಾನು ಬಾಟಲಿ ತರ್ತಿದೀನಿ ಅಂತ್ಲೇ ಇನ್ನೂ ಅಂದ್ಕೊಂಡಿದೆ."

ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಬರಬೇಕಾದದ್ದೇ. ವರ್ಷಗಟ್ಟಲೆ ಗಾಡಿ ಮಾವ ನನ್ನ ಕಣ್ಣೆದುರಿಗೆ ಮೂಟೆ ತಳ್ಳಿದ್ದಾರೆ. 

ಆದರೂ ಮಾರನೇ ರಾತ್ರಿ ರಜೆ ಹಾಕಿ ಅವನ ಜೊತೆ ಹೋದೆ. ಹಾಗಾಗಿ ಇಲ್ಲಿಂದ ಮುಂದೆ ನಾನು ಹೇಳುವುದು ಕೇಳಿದ ಮಾತಲ್ಲ.

ಒಂದು ಗಂಟೆಗೆ ಅಣ್ಣ ಹಾಲು ಬಿಸಿ ಮಾಡಿದ. ಬಾಟಲಿ ಹಿಡಿದು ಹಳೇ ಶೆಡ್ಡಿನ ಬಾಗಿಲು ತೆಗೆದು ಒಳಗೆ ಮಂಡಿಯೂರಿದ. ನಾನು ಹೊರಗೆ. ಸದ್ದಿಲ್ಲ. ಗೋದಾಮಿನ ತಗಡು ಚಳಿಗೆ ಟಿಕ್ ಅಂದಿತು, ಅಷ್ಟೇ. ಬಾಟಲಿಯ ಹಾಲು ಇಷ್ಟೂ ಇಳಿಯಲಿಲ್ಲ. ತಣ್ಣಗಾಯಿತು.

ಆಗ ಲಾಯದ ಕಡೆಯಿಂದ... ಚಪ್. ಚಪ್. ಚಪ್.

ಇಬ್ಬರೂ ಮೆಲ್ಲಗೆ ಹೋದೆವು. ಅಂಗಿ ನಿಂತಿದ್ದಳು. ಒಂದು ಹಿಂಗಾಲು ಹಿಂದೆ ಸರಿಸಿಕೊಂಡಿದ್ದಳು, ಕುಡಿಸುವವಳ ಹಾಗೆ. ಅವಳ ಹೊಟ್ಟೆಯ ಕೆಳಗೆ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ದೀಪದ ಬೆಳಕಿತ್ತು, ಬೇರೇನೂ ಇರಲಿಲ್ಲ. ಆದರೆ ಕೆಚ್ಚಲು ಅಲುಗಾಡುತ್ತಿತ್ತು. ಮರಿ ಮೂತಿಯಿಂದ ಗುದ್ದಿ ಗುದ್ದಿ ಕುಡಿಯುತ್ತದಲ್ಲ, ಹಾಗೆ. ನಮ್ಮ ಕಣ್ಣ ಮುಂದೆಯೇ ಕೆಚ್ಚಲು ಸಣ್ಣದಾಗುತ್ತಾ ಹೋಯಿತು. ಅಂಗಿ ಮಾತ್ರ ಅರೆಗಣ್ಣು ಮುಚ್ಚಿ ನೆಮ್ಮದಿಯಾಗಿದ್ದಳು.

"ಬಾಟಲಿ ಮುಟ್ಟಲ್ಲ ಅದು," ಅಂದೆ ಪಿಸುದನಿಯಲ್ಲಿ. "ಅಂಗಿ ಅದರ ತಾಯಿ ಹಾಲು ಕುಡಿದು ಬೆಳೆದವಳು. ಅದರ ವಾಸನೆ ಹೊದ್ದವಳು. ಅದಕ್ಕೆ ತಾಯಿ ಬೇಕು ಅಣ್ಣ."

"ಕರೀನಾ?"

"ಮತ್ತಿನ್ನಾರು?"

"ಮಾವನ್ನ ಏನಂತ ಕೇಳ್ಲಿ? ಅದೇ ಕುದುರೇನ... ಇನ್ನೊಂದ್ಸಲ?"

"ಇದ್ದದ್ದು ಇದ್ದ ಹಾಗೆ ಹೇಳು."

ಅಣ್ಣ ಅಲ್ಲೇ ಕೂತ. ಮೂರು ಗಂಟೆಗೆ ಚಪ್ ಚಪ್ ಮತ್ತೆ ಶುರುವಾಯಿತು. ಎದ್ದು ನಿಂತು, "ಹೋಗಿ ಹೇಳ್ತೀನಿ," ಅಂದ.

ಅವತ್ತು ರಾತ್ರಿ ಒಂಬತ್ತರ ಮೇಲೆ ಮಾವನ ಮನೆಗೆ ಹೋದೆವು. ಒಂದೇ ಕೋಣೆ, ಮುಂದೊಂದು ಚಪ್ಪರ, ಚಪ್ಪರದಲ್ಲಿ ಕರಿ. ಬೆನ್ನು ಬಗ್ಗಿ, ಕಣ್ಣ ಮೇಲೆ ಗುಳಿ ಬಿದ್ದು, ನರೆತ ಮೂತಿ. ಮಾವ ಕೈಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಅತ್ತೆ ಕೇಳದೆಯೇ ಟೀ ತಂದಿಟ್ಟರು, ಅಣ್ಣನ ಲೋಟಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿ. ಅಣ್ಣ ಅರ್ಧ ಕುಡಿದು ಲೋಟ ಕೆಳಗಿಟ್ಟ. ಹೇಳಿದ. ಪೂರ್ತಿ ಹೇಳಿದ. ಚಿಲಕದ ಮೇಲೆ ಕೈಯಿಟ್ಟದ್ದು, ಚರಂಡಿಗೆ ಸುರಿದದ್ದು, ಸ್ಲೇಟಿನ ಗೆರೆ, ಈಗ ರಾತ್ರಿ ಬರುತ್ತಿರುವುದು.

ಮಾವ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ಚಕ್ರ ಒಂದು ಸುತ್ತು ಬಂದು ನಿಂತಿತು.

"ಒಂದು ಗಂಟೆಗೆ ಹೋದಾಗ ಕೂಗ್ತಾ?"

"ಕೂಗ್ತು ಮಾವ."

"ಎಷ್ಟು ಸಲ?"

ಅಣ್ಣ ನೆಲ ನೋಡಿದ. "ನಾಲ್ಕು ಸಲ."

"ಮೂರು ಗಂಟೆಗೆ?"

"ಗೊತ್ತಿಲ್ಲ ಮಾವ. ನಾನು ಆ ಕಡೆ ಹೋಗ್ಲೇ ಇಲ್ಲ."

ಅತ್ತೆ ಬಗ್ಗಿ, ಅಣ್ಣನ ಮುಂದಿನ ಅರ್ಧ ತುಂಬಿದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅಣ್ಣನಿಗೆ ನಾಲ್ಕು ಬಿಟ್ಟಿದ್ದರೂ ಅಷ್ಟು ತಾಗುತ್ತಿರಲಿಲ್ಲ. ನನಗೂ ತಲೆ ಎತ್ತಲಾಗಲಿಲ್ಲ.

ಮಾವ ಕೈ ಒರೆಸಿಕೊಂಡು ಕರಿಯ ಹಗ್ಗ ಬಿಚ್ಚಿದರು. "ಬರ್ತಾಳೆ. ನಿನಗೋಸ್ಕರ ಅಲ್ಲ. ಹುಟ್ಟಬೇಕಾದ ಮರಿ ನನಗೇನು ಮಾಡಿದೆ."

ದಾರಿಯುದ್ದ ಕರಿ ನಿಧಾನ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಮಾವ ಎಳೆಯಲಿಲ್ಲ, ಅವಳು ನಿಂತಾಗ ನಿಂತರು. ಫಾರ್ಮು ಮುಟ್ಟಿದಾಗ ಹನ್ನೆರಡೂವರೆ. ಹುಲ್ಲಿನ ಗೋದಾಮಿನ ಹಿಂದೆ, ಆ ಶೆಡ್ಡಿನ ಬಾಗಿಲ ಮುಂದೆ ಕರಿಯನ್ನು ನಿಲ್ಲಿಸಿ ಹಗ್ಗ ಬಿಟ್ಟರು. ದೀಪ ಆರಿಸು ಅಂದರು. ಆರಿಸಿದೆವು.

ಒಂದು ಗಂಟೆ. ಲಾಯದಲ್ಲಿ ಚಪ್... ಚಪ್.

ಕರಿಯ ಕಿವಿ ಎದ್ದವು. ಮೂಗಿನ ಹೊಳ್ಳೆ ಅರಳಿದ ಸದ್ದು ನನಗೆ ಕೇಳಿಸಿತು, ಅಷ್ಟು ಹತ್ತಿರ ಇದ್ದೆ. ಆಮೇಲೆ ಅವಳ ಗಂಟಲೊಳಗಿಂದ ಬಂತು. ಹ್ಹು ಹ್ಹು ಹ್ಹು...

ಲಾಯದಲ್ಲಿ ಚೀಪುವ ಸದ್ದು ನಿಂತಿತು.

ಮತ್ತೆ... ಹ್ಹು ಹ್ಹು ಹ್ಹು.

ತೊಪ್. ತೊಪ್. ತೊಪ್... ತೊಪ್. ಅಂಗಳದ ಜಲ್ಲಿಯ ಮೇಲೆ. ಮೊದಲು ನಿಧಾನ. ಆಮೇಲೆ ಓಟ. ಎಳೆ ಕಾಲು ಒಂದಕ್ಕೊಂದು ತೊಡರುವ ಓಟ. ನನ್ನ ಪಕ್ಕದಲ್ಲೇ ಹಾದು ಹೋಯಿತು, ಪ್ಯಾಂಟಿನ ಬಟ್ಟೆಗೆ ಗಾಳಿ ಬಡಿಯಿತು. ಅಣ್ಣನ ಹತ್ತಿರ ಒಂದು ಕ್ಷಣ ನಿಧಾನಿಸಿತು. ಅಣ್ಣ ಕೈ ಚಾಚಿದ. ಅದು ನಿಲ್ಲಲಿಲ್ಲ.

ಕರಿ ಹಿಂಗಾಲು ಹಿಂದೆ ಸರಿಸಿದಳು. ಎಂಟು ವರ್ಷದಿಂದ ಒಣಗಿದ ಕೆಚ್ಚಲು. ಆದರೂ ಆ ಸದ್ದು ಕೇಳಿಸಿತು, ಒಂದು ಗಂಟೆಯಿಂದ ಬೆಳಕು ಹರಿಯುವ ತನಕ ಬಿಡುವಿಲ್ಲದೆ. ಮಾವ ಕಲ್ಲಿನ ಮೇಲೆ ಕೂತು ಅಷ್ಟೂ ಹೊತ್ತು ಅದನ್ನೇ ಕೇಳಿದರು. ಅಣ್ಣ ನಿಂತೇ ಇದ್ದ, ಕೂರಲು ಮನಸ್ಸು ಬರಲಿಲ್ಲ ಅವನಿಗೆ.

ಬೆಳಗ್ಗೆ ಅಂಗಿಯ ಕೆಚ್ಚಲು ಬಿಗಿದು ತುದಿಯಲ್ಲಿ ಹಾಲು ಮೇಣದ ಹಾಗೆ ಕಟ್ಟಿತ್ತು. ಮೂರನೇ ರಾತ್ರಿ ಮರಿ ಹಾಕಿದಳು. ಗಂಡು. ಅರ್ಧ ಗಂಟೆಯಲ್ಲಿ ಎದ್ದು ನಿಂತು ಕುಡಿಯಿತು. ಬದುಕಿತು. ಈಗ ಅದೂ ಓಡುತ್ತಿದೆ, ಬೇಲಿಗೆ ಒತ್ತಿಕೊಂಡೇ.

ಆ ಬೆಳಗ್ಗೆ ಕರಿಯನ್ನು ಕರೆದುಕೊಂಡು ಹೊರಟ ಮಾವ ಗೇಟಿನ ಹತ್ತಿರ ನಿಂತರು. ಅಣ್ಣ ಕಾಲಿಗೆ ಬೀಳಲು ಹೋದ. ಮಾವ ಹಿಂದೆ ಸರಿದರು.

"ನಮ್ಮನೆ ಕಡೆ ಬರಬೇಡ," ಅಂದರು. ದನಿ ಏರಿಸಲಿಲ್ಲ. "ನೀನು ಎಂಟು ವರ್ಷ ಬಂದು ಹೋದೆಯಲ್ಲ, ಅದನ್ನ ನನ್ನಿಂದ ಮರೆಯೋಕಾಗಲ್ಲ."

ಅಣ್ಣ ಹೋಗಿಲ್ಲ. ಬಾವಿಯ ದಾರಿಯಲ್ಲಿ ಈಗ ಯಾವ ಸದ್ದೂ ಇಲ್ಲ. ಅವನಿಗೆ ರಾತ್ರಿ ಒಂದಕ್ಕೆ ಎಚ್ಚರವಾದರೆ ಮೂರರ ತನಕ ನಿದ್ದೆ ಇಲ್ಲ ಅಂತ ಅತ್ತಿಗೆ ಹೇಳುತ್ತಾಳೆ. ಸದ್ದು ಬರುತ್ತಿದ್ದಾಗಲೇ ವಾಸಿಯಿತ್ತು ಅಂತ ಒಮ್ಮೆ ನನ್ನ ಹತ್ತಿರ ಅಂದ.

ಇನ್ನು ಇದೊಂದು ಹೇಳಿ ಮುಗಿಸುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನಂತೂ ಒಂದಕ್ಷರ ಸೇರಿಸಿಲ್ಲ. ಹೋದ ತಿಂಗಳು ಮಧ್ಯಾಹ್ನ ಮೂರೂವರೆಯ ಬಸ್ಸಿನಲ್ಲಿ ಬರುತ್ತಿದ್ದೆ. ಡ್ರೈವರ್ ಹೊಸಬ, ಈ ಕಡೆಯವನೇ ಅಲ್ಲ, ಅವತ್ತೇ ಮೊದಲ ಸಲ ಈ ದಾರಿ. ನಾನು ಅವನ ಹಿಂದಿನ ಸೀಟು. ಗಾಡಿ ಮಾವ ಕರಿಯನ್ನು ಅಡ್ಡಾಡಿಸಿ ರಸ್ತೆ ದಾಟಿಸುತ್ತಿದ್ದರು, ಕೈ ಅಡ್ಡ ಹಿಡಿದರು. ಬಸ್ಸು ನಿಂತಿತು. ಕರಿ ದಾಟಿದಳು. ಮಾವ ಕೈ ಇಳಿಸಲಿಲ್ಲ. ರಸ್ತೆ ಖಾಲಿ. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ನಮ್ಮ ಡ್ರೈವರ್ ಮಾತ್ರ ಗೇರು ಹಾಕದೆ ಮುಂದಕ್ಕೆ ಬಗ್ಗಿ ಕಾಯುತ್ತಿದ್ದ. ಮಾವ ಕೈ ಇಳಿಸಿದ ಮೇಲೆ ನಿಧಾನಕ್ಕೆ ಬಸ್ಸು ಬಿಟ್ಟ.

"ಆ ಮರಿ ಎಷ್ಟು ದಿನದ್ದೋ ಏನೋ," ಅಂದ, ತನಗೆ ತಾನೇ. "ಪಾಪ, ಬಿಳೀ ಕಾಲು ಇನ್ನೂ ಸರಿಯಾಗಿ ಊರೋಕೆ ಬರಲ್ಲ ಅದಕ್ಕೆ."